ಬಳ್ಳಾರಿಯಿಂದ ಕೊಪ್ಪಳಕ್ಕೆ: ಕೋಟೆಗಳ ನಾಡಿನಲ್ಲಿ ಬಾಂಬಿನ ಮಾತು

ಬುಧವಾರ: ಬಳ್ಳಾರಿ

2025ರ ಆಗಸ್ಟ್ ಮೊದಲ ವಾರ ಬಳ್ಳಾರಿ, ರಾಯಚೂರು, ಕೊಪ್ಪಳ ಸುತ್ತಿ ಬರ್ತೀನಿ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಹಂಪಿ ಆದ್ರೆ ಸರಿ, ರಾಯಚೂರಿಗೆ ಯಾರಾದ್ರೂ ಪ್ರವಾಸ ಹೋಗ್ತಾರಾ? ನನಗೆ ಕೋಟೆ ನೋಡುವ ಹುಚ್ಚು, ಅಷ್ಟೇ ಸಾಕಿತ್ತು. ಜೊತೆಗೆ ಬಂದ ಮೇಷ್ಟ್ರ ಉದ್ದೇಶ ಬೇರೆ. ಅವರು ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು, ಸಿಎಸ್ಐ, ಅಂದರೆ ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆಯವರು. ಹಿರೋಶಿಮಾ, ನಾಗಸಾಕಿ ಮೇಲೆ ಅಣುಬಾಂಬು ಬಿದ್ದು 80 ವರ್ಷ ತುಂಬುವ ವಾರ ಅದು. ಅಣ್ವಸ್ತ್ರ ಬೇಡ ಅಂತ ದೊಡ್ಡ ದೊಡ್ಡ ಚರ್ಚುಗಳು ದಶಕಗಳಿಂದ ಹೇಳುತ್ತಾ ಬಂದಿವೆಯಲ್ಲ, ಆ ಮಾತು ನಮ್ಮ ಕಡೆಯ ಊರುಗಳ ಚರ್ಚುಗಳಿಗೆ ತಲುಪಿದೆಯಾ ಅಂತ ನೋಡಬೇಕು ಅನ್ನೋದು ಅವರ ಆಸೆ. ಕಾರು ಅವರದ್ದು, ಹಾಗಾಗಿ ನಾನು ಒಪ್ಪಿಕೊಂಡೆ. ಹಿಂದಿನ ಸೀಟಿನಲ್ಲಿ ಒಂದು ಬಟ್ಟೆ ಚೀಲ, ಅದರ ತುಂಬ ಜೆರಾಕ್ಸ್ ಪ್ರತಿಗಳು.

ಲಾಡ್ಜಿನಲ್ಲಿ ಬೆಳಗಿನ ಜಾವ 4:45ಕ್ಕೆ ಅಲಾರಂ ಹೊಡೆಯಿತು. ಹಿರೋಶಿಮಾದಲ್ಲಿ ಬಾಂಬು ಬಿದ್ದ ಬೆಳಗ್ಗೆ 8:15 ಅಂದರೆ ಈಗಿನ ನಮ್ಮ ಗಡಿಯಾರದಲ್ಲಿ ಇಷ್ಟು ಹೊತ್ತು ಅಂತ ಮೇಷ್ಟ್ರು ಲೆಕ್ಕ ಹಾಕಿ ಇಟ್ಟಿದ್ದರು. ನಾನು ಹೊದಿಕೆ ಎಳೆದುಕೊಂಡೆ. ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತಿದ್ದು, ಆಮೇಲೆ ಟೀ ಹುಡುಕಿಕೊಂಡು ಹೊರಟರು.

ಆರೂವರೆಗೆ ಒಂದು ಕ್ಯಾಥೊಲಿಕ್ ಚರ್ಚಿನ ಪೂಜೆಗೆ ಹೋದೆವು. ಆಗಸ್ಟ್ 6 ಚರ್ಚಿನ ಪಂಚಾಂಗದಲ್ಲಿ ದೊಡ್ಡ ದಿನ. ಬೆಟ್ಟದ ಮೇಲೆ ಯೇಸುವಿನ ಮುಖ ಬದಲಾಗಿ, ಬಟ್ಟೆ ಕಣ್ಣು ಕೋರೈಸುವಷ್ಟು ಬೆಳಗಾಯಿತು, ಒಂದು ಮೋಡ ಬಂದು ಕವಿಯಿತು ಅನ್ನುವ ರೂಪಾಂತರದ ಹಬ್ಬ. ಹಬ್ಬ ಶತಮಾನಗಳಷ್ಟು ಹಳೆಯದು, 1945ರಲ್ಲಿ ಅದೇ ದಿನ ಬಾಂಬು ಬಿತ್ತು. ಬೆಳಕು, ಮೋಡ, ಬೆಟ್ಟ ಎಲ್ಲಾ ಅವತ್ತಿನ ಬೈಬಲ್ ಪಾಠದಲ್ಲೇ ಇತ್ತು. ಆದರೂ ಪಾದ್ರಿಯ ಪ್ರಸಂಗದಲ್ಲಿ ಹಿರೋಶಿಮಾದ ಹೆಸರು ಬರಲಿಲ್ಲ. ಮೇಷ್ಟ್ರು ಏನೂ ಅನ್ನಲಿಲ್ಲ, ಆದರೆ ಹೊರಗೆ ಬಂದ ಮೇಲೆ ಚಪ್ಪಲಿ ಹಾಕಿಕೊಳ್ಳೋಕೆ ಬಹಳ ಹೊತ್ತು ತಗೊಂಡರು.

ಬಳ್ಳಾರಿ ಅವರಿಗೆ ಬೇರೆ ಕಾರಣಕ್ಕೂ ಹತ್ತಿರ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಕೂತು ಬೈಬಲನ್ನು ಕನ್ನಡಕ್ಕೆ ತಂದರು. "ಕತ್ತಿ ಬಡಿದು ನೇಗಿಲ ಗುಳ ಮಾಡ್ತಾರೆ ಅನ್ನೋ ಮಾತು ಕನ್ನಡದಲ್ಲಿ ಮೊದಲು ಓಡಾಡಿದ್ದು ಈ ಊರಿನ ಬೀದಿಗಳಲ್ಲೇ ಇರಬೇಕು ಕಣ್ರೀ" ಅಂದರು. ಇರಬಹುದು.

ಕೋಟೆಗೆ ಬಿಸಿಲು ಏರುವ ಮುಂಚೆ ಹೋಗಬೇಕು. ನಾವು ಒಂಬತ್ತಕ್ಕೆ ಮೆಟ್ಟಿಲು ಶುರು ಮಾಡಿದೆವು, ಆಗಲೇ ಜಾಸ್ತಿ ಆಗಿತ್ತು. ಆಗಸ್ಟಿನಲ್ಲೂ ಬಳ್ಳಾರಿ ಬಂಡೆ ಕಾಯುತ್ತದೆ. ಮೇಲೆ ಅಂಗಡಿ ಇಲ್ಲ, ನೀರು ಕೆಳಗಿಂದಲೇ ಹೊತ್ತುಕೊಂಡು ಹೋಗಿ. ಇಡೀ ಗುಡ್ಡವೇ ಒಂದು ಬಂಡೆ ಅನ್ನುವ ಹಾಗೆ ಕಾಣುತ್ತದೆ. ಮೇಲಿನ ಕೋಟೆ ಹನುಮಪ್ಪ ನಾಯಕನ ಕಾಲದ್ದು, ಕೆಳಗಿನದನ್ನು ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರನ ಕೈಯಲ್ಲಿ ಕಟ್ಟಿಸಿದ. ಕಟ್ಟಿ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲಿ ತೋಪು ಇಟ್ಟರೆ ಕೋಟೆಯ ಕತೆ ಮುಗೀತು. ಹೈದರಾಲಿ ಸಿಟ್ಟಿಗೆದ್ದು ಎಂಜಿನಿಯರನನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದ ಅಂತ ಊರಿನವರು ಹೇಳುತ್ತಾರೆ. ಕುಂಬಾರ ಗುಡ್ಡ ಮಲಗಿದ ಮನುಷ್ಯನ ಮುಖದ ಹಾಗಿದೆ. ಮೇಲಿಂದ ನೋಡುವಾಗ ಅದು ನಗ್ತಾ ಇರೋ ಹಾಗೇ ಅನ್ನಿಸಿತು ನನಗೆ.

ಮೇಷ್ಟ್ರು ಒಂದು ಕಲ್ಲಿನ ನೆರಳಲ್ಲಿ ಕೂತು ಜೆರಾಕ್ಸ್ ತೆಗೆದರು. 1963ರ ಏಪ್ರಿಲ್ 11ರಂದು 23ನೆಯ ಯೋವಾನ್ನ ಪೋಪರು ಹೊರಡಿಸಿದ ಪಾಚೆಮ್ ಇನ್ ತೆರ್ರಿಸ್ ಪತ್ರ. ಹಿಂದಿನ ಅಕ್ಟೋಬರಿನಲ್ಲಷ್ಟೇ ಕ್ಯೂಬಾದ ಕ್ಷಿಪಣಿಗಳ ವಿಷಯಕ್ಕೆ ಅಮೆರಿಕ, ಸೋವಿಯತ್ ಎರಡೂ ಬಾಂಬಿನ ಅಂಚಿಗೆ ಹೋಗಿ ಬಂದಿದ್ದವು. ಒಂದು ದೇಶ ಆಯುಧ ಹೆಚ್ಚಿಸಿದರೆ ಇನ್ನೊಂದೂ ಹೆಚ್ಚಿಸಲೇಬೇಕಾಗುತ್ತದೆ, ಒಬ್ಬರು ಅಣ್ವಸ್ತ್ರ ಮಾಡಿದರೆ ಉಳಿದವರೂ ಮಾಡುತ್ತಾರೆ, ಈ ಓಟ ನಿಲ್ಲಬೇಕು, ಇರುವುದನ್ನು ಎಲ್ಲರೂ ಒಟ್ಟಿಗೇ ಕಡಿಮೆ ಮಾಡಬೇಕು, ಕೊನೆಗೆ ಅಣ್ವಸ್ತ್ರವನ್ನು ನಿಷೇಧಿಸಲೇಬೇಕು ಅನ್ನೋದು ಅದರ ತಿರುಳು. ಓದಿ ಮುಗಿಸಿ ಕುಂಬಾರ ಗುಡ್ಡದ ಕಡೆ ಕೈ ತೋರಿಸಿದರು. ಹೇಳೋಕೆ ಏನೂ ಉಳಿದಿರಲಿಲ್ಲ.

ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಬಳ್ಳಾರಿಗೆ ಬಂದು ಇದನ್ನು ತಿನ್ನದೆ ಹೋದರೆ ಬಂದ ಹಾಗೇ ಅಲ್ಲ. ಗಾಡಿಯವನು "ಖಾರ ಇಲ್ರೀ ಸಾರ್, ಬಜ್ಜಿ ಮೆಣಸಿನಕಾಯಿ" ಅಂದ. ನಂಬಬೇಡಿ.

ಗುರುವಾರ: ಸಿರುಗುಪ್ಪ, ಸಿಂಧನೂರು, ರಾಯಚೂರು

ಬಳ್ಳಾರಿ ದಾಟಿ ಸಿರುಗುಪ್ಪ ಕಡೆ ಹೊರಟರೆ ಒಂದು ಜಾಗದಲ್ಲಿ ನೆಲದ ಬಣ್ಣ ಬದಲಾಗುತ್ತದೆ. ಕೆಂಪು ಮುಗಿದು ಹಸಿರು ಶುರು. ತುಂಗಭದ್ರಾ ಕಾಲುವೆ ನೀರು. ಗದ್ದೆಗಳಲ್ಲಿ ನಾಟಿ ನಡೀತಿತ್ತು, ಸಾಲಾಗಿ ಬಗ್ಗಿದ ಹೆಂಗಸರು, ಬದುವಿನ ಮೇಲೆ ಮೊಬೈಲಿನಲ್ಲಿ ಹಾಡು. ರಸ್ತೆ ಕೆಲವು ಕಡೆ ಚೆನ್ನಾಗಿದೆ, ಕೆಲವು ಕಡೆ ಭತ್ತದ ಲಾರಿಗಳು ಅಗೆದು ಹಾಕಿವೆ. ದಢೇಸುಗೂರು ಸೇತುವೆ ಮೇಲೆ ಗಾಡಿ ನಿಲ್ಲಿಸಿ ಹೊಳೆ ನೋಡಿದೆವು. ಕಂದು ನೀರು, ಒಳ್ಳೆ ಹರಿವು.

ಸಿಂಧನೂರಿನ ಹತ್ತಿರ ಬಂಗಾಳಿ ಕ್ಯಾಂಪುಗಳಿವೆ ಅಂತ ಕೇಳಿದ್ದೆ, ನೋಡಿರಲಿಲ್ಲ. ಪೂರ್ವ ಪಾಕಿಸ್ತಾನದಿಂದ ಓಡಿ ಬಂದವರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿದ್ದು. ಒಂದು ಸಣ್ಣ ಅಂಗಡಿಯಲ್ಲಿ ಮೀನಿನ ಸಾರು, ಅನ್ನ ಸಿಕ್ಕಿತು. ಸಾಸಿವೆ ಎಣ್ಣೆಯ ವಾಸನೆ, ಪಕ್ಕದಲ್ಲೇ ಜೋಳದ ರೊಟ್ಟಿ. ಎರಡನ್ನೂ ಒಂದೇ ತಟ್ಟೆಯಲ್ಲಿ ತಿಂದದ್ದು ಅಲ್ಲೇ. ಅಂಗಡಿ ಮುಂದೆ ಕೂತಿದ್ದ ಅಜ್ಜ ಸಿಂಧನೂರು ಕನ್ನಡವನ್ನು ಬಂಗಾಳಿ ರಾಗದಲ್ಲಿ ಮಾತಾಡುತ್ತಿದ್ದರು. "ಮನಿ ಬಿಟ್ಟಾಗ ನಾ ಸಣ್ಣಾವ. ನಮ್ಮವ್ವ ಅಕ್ಕಿ ಗಂಟು ತಗೊಂಡ್ಳು, ನಾ ಏನೂ ತಗೊಂಡಿಲ್ಲ." ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ನಾಲ್ಕು ದಿನ ಕ್ಷಿಪಣಿ, ಡ್ರೋನು ಹಾರಾಡಿದಾಗ ಇಲ್ಲಿ ಹೇಗಿತ್ತು ಅಂತ ಕೇಳಿದೆ. ಹುಡುಗರೆಲ್ಲ ಟಿವಿ ಮುಂದೆ ಕೂತು ಕೂಗುತ್ತಿದ್ದರಂತೆ. "ನಾ ಟಿವಿ ಬಂದ್ ಮಾಡ್ರಿ ಅಂದೆ. ಯಾರ್ ಕೇಳ್ತಾರ." ಮೇಷ್ಟ್ರು ಚೀಲಕ್ಕೆ ಕೈ ಹಾಕಿದವರು ಮತ್ತೆ ತೆಗೆದರು. ಅಜ್ಜನಿಗೆ ಜೆರಾಕ್ಸ್ ಕೊಟ್ಟು ಏನು ಮಾಡೋದು, ಅಲ್ವಾ.

ರಾಯಚೂರು ಮುಟ್ಟಿದಾಗ ನಾಲ್ಕು ಗಂಟೆ. ಬಸ್ ನಿಲ್ದಾಣದ ಪಕ್ಕದಲ್ಲೇ ಕೋಟೆ ಇದೆ, ಅದನ್ನು ನೋಡೋಕೆ ಊರು ಬಿಟ್ಟು ಹೋಗಬೇಕಿಲ್ಲ. ಗೋಡೆಯಲ್ಲಿ ಒಂದು ಕಲ್ಲು ಹುಡುಕಿ ನೋಡಿ. 41 ಅಡಿ ಉದ್ದದ ಒಂದೇ ಕಲ್ಲು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿದ ವಿಷಯ ಅದರ ಮೇಲೆ ಕೆತ್ತಿದ್ದಾರೆ. ಅದೇ ಕಲ್ಲನ್ನು ಗಾಡಿ ಮೇಲೆ ಹೇರಿ ಕೋಣಗಳು ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಎಷ್ಟು ಕೋಣಗಳು ಅಂತ ಎಣಿಸುತ್ತಿದ್ದಾಗಲೇ ಮಳೆ ಬಂತು. ಹನಿ ಅಲ್ಲ, ಸೀದಾ ಸುರಿಯಿತು. ನನ್ನ ಎಡಗಾಲಿನ ಚಪ್ಪಲಿ ಕರಿ ಮಣ್ಣಿನಲ್ಲಿ ಹೂತು ಉಂಗುಷ್ಠ ಕಿತ್ತು ಹೋಯಿತು. ಒಂದು ಕಾಲು ಬರಿಗಾಲಲ್ಲೇ ಕೋಟೆ ಬಾಗಿಲ ಕಮಾನಿನ ಕೆಳಗೆ ಓಡಿದೆವು. ಅಲ್ಲಿ ಆಗಲೇ ಎರಡು ಆಡು, ಒಂದು ಐಸ್‌ಕ್ರೀಮ್ ಗಾಡಿ, ಕಾಲೇಜು ಹುಡುಗರು ನಾಲ್ಕು ಜನ ನಿಂತಿದ್ದರು.

ಹುಡುಗರಲ್ಲಿ ಒಬ್ಬ ಕೃಷ್ಣದೇವರಾಯನ ಅಭಿಮಾನಿ. 1520ರ ಮೇ 19ರ ರಾಯಚೂರು ಯುದ್ಧವನ್ನು ಕಣ್ಣಾರೆ ಕಂಡವನ ಹಾಗೆ ಹೇಳಿದ. ಬಿಜಾಪುರದ ಆದಿಲ್ ಶಾಹಿಯ 400 ದೊಡ್ಡ ತೋಪು ರಾಯನ ಕೈಗೆ ಸಿಕ್ಕವು ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಆಮೇಲೆ ಕ್ರಿಸ್ಟೋವಾವ್ ಡಿ ಫಿಗೆರೆಡೊ ಅನ್ನುವ ಪೋರ್ಚುಗೀಸನ ಬಂದೂಕಿನವರು ಗೋಡೆ ಮೇಲೆ ತಲೆ ಎತ್ತಿದವರನ್ನೆಲ್ಲ ಹೊಡೆದು ಹಾಕಿ ಕೋಟೆ ಬೀಳಿಸಿದರು. "ಆಗ ನಮ್ಮ ಹತ್ರ ಇದ್ದ ಟೆಕ್ನಾಲಜಿ ಅವರ ಹತ್ರ ಇರ್ಲಿಲ್ಲ ಸಾರ್" ಅಂದ ಹೆಮ್ಮೆಯಿಂದ. ನನಗೆ ಗೊತ್ತಿರೋದು ಕೋಟೆ ವಿಷಯ ಒಂದೇ, ಹಾಗಾಗಿ ಸುಮ್ನೆ ಇರೋಕಾಗಲಿಲ್ಲ. ಸೋತವರು ಕಲಿತರು, ಗೆದ್ದವರು ಕಲಿಯಲಿಲ್ಲ ಅಂದೆ. ಬಿಜಾಪುರದವರು ಕೋಟೆ ಗೋಡೆ ದಪ್ಪ ಮಾಡಿದರು, ಹೊಸ ತೋಪು ಎರಕ ಹೊಯ್ದರು. 45 ವರ್ಷಕ್ಕೆ, 1565ರ ಜನವರಿಯಲ್ಲಿ, ತಾಳಿಕೋಟೆಯಲ್ಲಿ ಲೆಕ್ಕ ತಿರುಗಿಬಿತ್ತು. ಹುಡುಗ ಸ್ವಲ್ಪ ಯೋಚಿಸಿ, "ಹಂಗಾದ್ರ ನಾವೂ ಅಪ್‌ಗ್ರೇಡ್ ಮಾಡ್ಬೇಕಿತ್ತು" ಅಂದ. ಉಳಿದವರು ನಕ್ಕರು. ಅವನು ತಮಾಷೆಗೆ ಹೇಳಿರಲಿಲ್ಲ.

ಅವನು ಹೇಳಿದ್ದೇ ಇವತ್ತಿನ ದೊಡ್ಡ ದೇಶಗಳ ವಾದ ಕೂಡ. 1986ರ ಹೊತ್ತಿಗೆ ಲೋಕದಲ್ಲಿ ಸುಮಾರು 70,000 ಅಣು ಸಿಡಿತಲೆ ಇದ್ದವು. ಈಗ 12,000ದ ಆಸುಪಾಸು. ಲೋಕದ ಆಯುಧಗಳ ಲೆಕ್ಕ ಇಡುವ ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆ 2025ರ ಜನವರಿಗೆ ಹಾಕಿದ ಅಂದಾಜಿನಲ್ಲಿ ನಮ್ಮ ಹತ್ತಿರ 180, ಪಾಕಿಸ್ತಾನದ ಹತ್ತಿರ 170. ಕಡಿಮೆ ಆಗಿದೆಯಲ್ಲ ಅಂತ ಖುಷಿಪಡಬೇಕೋ, ಎಲ್ಲರನ್ನೂ ಮುಗಿಸೋಕೆ ಇಷ್ಟೇ ಸಾಕು ಅಂತ ಹೆದರಬೇಕೋ ಗೊತ್ತಾಗಲ್ಲ.

ರಾತ್ರಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಪುಡಿ, ಮೇಲೆ ಗಟ್ಟಿ ಮೊಸರು. ಹೊಸ ಚಪ್ಪಲಿಗೆ 250 ರೂಪಾಯಿ ಹೋಯಿತು. ಮಳೆಗಾಲದಲ್ಲಿ ಎರೆ ಮಣ್ಣಿನ ಕಡೆ ಹೋಗುವವರು ಪಟ್ಟಿ ಇರುವ ಸ್ಯಾಂಡಲ್ ಹಾಕಿಕೊಳ್ಳಿ.

ಶುಕ್ರವಾರ: ರಾಯಚೂರು, ಮಸ್ಕಿ, ಲಿಂಗಸುಗೂರು

ವರಮಹಾಲಕ್ಷ್ಮಿ ಹಬ್ಬ. ರಾಯಚೂರು ಮಾರುಕಟ್ಟೆಯಲ್ಲಿ ಹೂವಿನ ರೇಟು ಕೇಳಿದರೆ ತಲೆ ತಿರುಗುತ್ತದೆ, ಆದರೂ ತಗೊಳ್ಳುವವರ ನೂಕುನುಗ್ಗಲು. ತಿಂಡಿ ತಿಂದು ಏಮ್ಸ್ ಹೋರಾಟದ ಕಡೆ ಹೋದೆವು. ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕು ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಅದು, ಆಗಲೇ ಸಾವಿರ ದಿನ ದಾಟಿತ್ತು. ಈ ಕಡೆಯವರು ದೊಡ್ಡ ಕಾಯಿಲೆ ಬಂದರೆ ಹೈದರಾಬಾದಿಗೋ ಬೆಂಗಳೂರಿಗೋ ಓಡಬೇಕು. ಅಲ್ಲಿ ಸಿಕ್ಕವರೊಬ್ಬರ ತಮ್ಮನಿಗೆ ದಾರಿಯಲ್ಲೇ ಪ್ರಾಣ ಹೋಯಿತಂತೆ. ಅದನ್ನು ಅವರು ಎಷ್ಟು ಸಲ ಹೇಳಿದ್ದರೋ, ದನಿಯಲ್ಲಿ ಏರಿಳಿತ ಇರಲಿಲ್ಲ.

ಕಾರಿಗೆ ಬಂದ ಮೇಲೆ ಮೇಷ್ಟ್ರು 1965ರ ವ್ಯಾಟಿಕನ್ ಮಹಾಸಭೆಯ ಮಾತು ತೆಗೆದರು. ಆಯುಧಗಳ ಓಟ ಮನುಷ್ಯ ಕುಲಕ್ಕೆ ಒಂದು ದೊಡ್ಡ ಬಲೆ, ಅದು ಬಡವರನ್ನು ತಡೆಯಲಾರದಷ್ಟು ಹಿಂಡುತ್ತದೆ ಅಂತ ಆ ಸಭೆ ಬರೆದಿಟ್ಟಿತ್ತು. ಬಾಂಬು ಬೀಳಬೇಕಾಗಿಲ್ಲ, ಮಾಡುತ್ತಾ ಹೋದರೇ ಸಾಕು. ಅಣ್ವಸ್ತ್ರ ಇಲ್ಲದಿದ್ದರೆ ರಾಯಚೂರಿಗೆ ಆಸ್ಪತ್ರೆ ಬಂದುಬಿಡುತ್ತಿತ್ತು ಅಂತ ನಾನು ಹೇಳಲ್ಲ, ಬಜೆಟ್ಟು ಅಷ್ಟು ಸುಲಭದ ಕೊಡು-ತಗೊಳ್ಳು ಅಲ್ಲ. ಆದರೆ ಯಾವ ಸರ್ಕಾರವೂ ಕ್ಷಿಪಣಿಗಾಗಿ ಯಾರನ್ನೂ ಸಾವಿರ ದಿನ ಟೆಂಟಿನಲ್ಲಿ ಕೂರಿಸಿದ್ದು ನಾನಂತೂ ಕೇಳಿಲ್ಲ.

ಕವಿತಾಳದ ಮೇಲಿಂದ ಮಸ್ಕಿಗೆ. ಎರಡೂ ಕಡೆ ಹತ್ತಿ, ತೊಗರಿ, ಮೇಲೆ ದಪ್ಪ ಮೋಡ. ಮಧ್ಯದಲ್ಲಿ ಟೈರು ಪಂಕ್ಚರ್. ಸ್ಟೆಪ್ನಿ ಇತ್ತು, ಜಾಕ್ ಕೂಡ ಇತ್ತು, ಆದರೆ ಜಾಕ್ ತಿರುಗಿಸುವ ಹಿಡಿ ಇರಲಿಲ್ಲ. ಟ್ರ್ಯಾಕ್ಟರಿನ ಒಬ್ಬ ಹುಡುಗ ಇಳಿದು, ಕಬ್ಬಿಣದ ಸಲಾಕೆ ಸಿಕ್ಕಿಸಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ. ದುಡ್ಡು ಕೊಡೋಕೆ ಹೋದರೆ "ಹಬ್ಬದ ದಿನ ಬ್ಯಾಡ್ರೀ" ಅಂತ ಹೇಳಿ ಹೋದ.

ಮಸ್ಕಿ ಗುಡ್ಡದಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನುವ ಎಂಜಿನಿಯರ್ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಬರೀ ದೇವಾನಂಪ್ರಿಯ ಅಂತ ಇತ್ತು, ಅಶೋಕ ಅನ್ನುವ ಹೆಸರು ಕಂಡದ್ದು ಇಲ್ಲಿ. ಜಾಲರಿಯ ಬಾಗಿಲಿಗೆ ಬೀಗ ಇರಬಹುದು, ಕೀಲಿ ಯಾರ ಹತ್ತಿರ ಇದೆ ಅಂತ ಊರಲ್ಲೇ ಕೇಳಿಕೊಂಡು ಹತ್ತಿ. ನಾನು ಹೋಗುವಾಗ ಯುದ್ಧ ಬಿಟ್ಟ ರಾಜನ ಕಲ್ಲು ಅಂತ ದೊಡ್ಡ ಭಾವನೆಯಲ್ಲಿದ್ದೆ. ಆದರೆ ಮಸ್ಕಿಯಲ್ಲಿ ಕಳಿಂಗ ಯುದ್ಧದ ಮಾತೇ ಇಲ್ಲ. ಸಣ್ಣವರಾಗಲಿ ದೊಡ್ಡವರಾಗಲಿ ಧರ್ಮದಿಂದ ನಡೆದರೆ ಮೇಲೇರಬಹುದು ಅಂತ ಇದೆ. ಆ ಪಶ್ಚಾತ್ತಾಪದ ಶಾಸನ ಬೇಕಾದರೆ ಬಳ್ಳಾರಿಯ ಆಚೆ ಆಂಧ್ರದ ಎರ್ರಗುಡಿಗೆ ಹೋಗಬೇಕು, ಇಲ್ಲಾ ಈಗ ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿಗೆ. ವಿಚಿತ್ರ ಏನು ಅಂದರೆ, ಸೋತ ಕಳಿಂಗದಲ್ಲಿ ಮಾತ್ರ ಅಶೋಕ ಅದನ್ನು ಕೆತ್ತಿಸಲೇ ಇಲ್ಲ. ಧೌಳಿ, ಜೌಗಡ ಎರಡೂ ಕಡೆ ಆ ಶಾಸನ ಬಿಟ್ಟು ಬೇರೆ ಹಾಕಿಸಿದ. ಯಾರನ್ನು ಹೊಡೆದೆವೋ ಅವರ ಎದುರಿಗೆ ನಿಂತು ಹೇಳೋದು ಅಶೋಕನಿಗೂ ಕಷ್ಟ ಆಗಿರಬೇಕು.

ಇದನ್ನು ಹೇಳಿದಾಗ ಮೇಷ್ಟ್ರಿಗೆ ಒಬ್ಬ ಪಾದ್ರಿ ನೆನಪಾದರು. ಜಾರ್ಜ್ ಜಬೆಲ್ಕಾ, ಹಿರೋಶಿಮಾ ಮತ್ತು ನಾಗಸಾಕಿ ಮೇಲೆ ಬಾಂಬು ಹಾಕಿದ ವಿಮಾನ ದಳದ ಕ್ಯಾಥೊಲಿಕ್ ಪಾದ್ರಿ. ಆಗ ಒಂದು ಮಾತೂ ಎದುರು ಹೇಳಲಿಲ್ಲ. ವರ್ಷಗಳಾದ ಮೇಲೆ, ನಾನು ಸುಮ್ಮನಿದ್ದೆ, ನನ್ನ ಚರ್ಚೂ ಸುಮ್ಮನಿತ್ತು ಅಂತ ಬಹಿರಂಗವಾಗಿ ಹೇಳಿಕೊಂಡು ಓಡಾಡಿದರು, ಜಪಾನಿಗೂ ಹೋಗಿ ಕ್ಷಮೆ ಕೇಳಿದರು.

ಮುದಗಲ್‌ನಲ್ಲಿ ಉಳಿಯೋಕೆ ಅನುಕೂಲ ಕಡಿಮೆ, ಲಿಂಗಸುಗೂರಿನಲ್ಲಿ ರೂಮು ಮಾಡಿ. ಅಲ್ಲಿಂದ ಅರ್ಧ ಗಂಟೆ ದಾರಿ.

ಶನಿವಾರ: ಮುದಗಲ್, ಕೊಪ್ಪಳ

ಮುದಗಲ್ ಅಂದರೆ ಎಲ್ಲರಿಗೂ ಮೊಹರಂ. ಹಿಂದೂ, ಮುಸ್ಲಿಂ ಎಲ್ಲಾ ಸೇರಿ ಮಾಡುವ ಆ ಹಬ್ಬ ಹೋದ ತಿಂಗಳಷ್ಟೇ ಮುಗಿದಿತ್ತು. ಈ ಊರಿನಲ್ಲಿ 16ನೆಯ ಶತಮಾನದಿಂದ ಕ್ರೈಸ್ತರೂ ಇದ್ದಾರೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಆದಿಲ್ ಶಾಹಿಗಳ ಕಾಲದಲ್ಲಿ ಗೋವಾ ಕಡೆಯಿಂದ ಪಾದ್ರಿಗಳು ಬಂದರು, ಇವರ ಕನ್ನಡ ಪಕ್ಕಾ ರಾಯಚೂರಿನದು. ಸುತ್ತ ಯಾರ ಕೋಟೆ ಯಾರ ಕೈಗೆ ಹೋದರೂ ಇವರು ಇಲ್ಲೇ ಉಳಿದರು.

ನಾಗಸಾಕಿಯಲ್ಲಿ ಬಾಂಬು ಸಿಡಿದ 11:02 ಅಂದರೆ ನಮ್ಮ 7:32. ಪೂಜೆ ಮುಗಿಯುವ ಹೊತ್ತಿಗೆ ಸರಿಯಾಗಿ ಅದೇ ಸಮಯ. ಮೇಷ್ಟ್ರು ಮೊದಲೇ ಹೋಗಿ ಗುರುಗಳ ಹತ್ತಿರ, ಆ ಹೊತ್ತಿಗೆ ಒಂದು ಸಲ ಗಂಟೆ ಹೊಡೆಸಬಹುದಾ ಅಂತ ಕೇಳಿದರು. ಗುರುಗಳು ನಕ್ಕರು. "ಹೊತ್ತಲ್ಲದ ಹೊತ್ತಿನಾಗ ಗಂಟಿ ಹೊಡದ್ರ ಯಾರೋ ಸತ್ರು ಅಂತ ಊರು ಬಂದು ನಿಲ್ತದ ಸರ್." ಸತ್ತವರಿಗಾಗಿಯೇ ತಾನೆ ಕೇಳಿದ್ದು ಅಂತ ನನಗನ್ನಿಸಿತು, ಆದರೆ ಅವರ ಮಾತೂ ಸರಿ. ಕೊನೆಗೆ ಆಶೀರ್ವಾದಕ್ಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಅವರೇ ನಾಲ್ಕು ಮಾತು ಹೇಳಿದರು. ನಾಗಸಾಕಿಯ ಉರಕಾಮಿ ಅಂದರೆ ಜಪಾನಿನ ಕ್ಯಾಥೊಲಿಕರ ಕೇರಿ. ಬಾಂಬು ಸಿಡಿದದ್ದು ಅವರ ದೊಡ್ಡ ಚರ್ಚಿನಿಂದ ಸುಮಾರು 500 ಮೀಟರ್ ದೂರದಲ್ಲಿ. ಮುಂದಿನ ವಾರದ ಮೇರಿ ಮಾತೆಯ ಹಬ್ಬಕ್ಕಾಗಿ ಪಾಪನಿವೇದನೆಗೆ ಬಂದಿದ್ದವರು ಒಳಗಿದ್ದರು. ಆ ಕೇರಿಯ ಸುಮಾರು 12,000 ಕ್ಯಾಥೊಲಿಕರಲ್ಲಿ 8,500 ಜನ ಸತ್ತರು. ಹಾಕಿದವರೂ ಕ್ರೈಸ್ತರ ದೇಶದವರೇ ಅಂತ ಗುರುಗಳು ಸೇರಿಸಿದರು, ಅಷ್ಟಕ್ಕೇ ನಿಲ್ಲಿಸಿದರು.

ಅದೇ ನಿಮಿಷಕ್ಕೆ ಉರಕಾಮಿಯಲ್ಲಿ 80 ವರ್ಷದ ನಂತರ ಮೊದಲ ಸಲ ಎರಡು ಗಂಟೆಗಳೂ ಒಟ್ಟಿಗೆ ಹೊಡೆದವು. ಒಂದು ಗಂಟೆ ಬಾಂಬಿನಲ್ಲಿ ಹಾಳಾಗಿತ್ತು, ಅದರ ಜಾಗಕ್ಕೆ ಅಮೆರಿಕದ ಕ್ಯಾಥೊಲಿಕರು ದುಡ್ಡು ಕೂಡಿಸಿ ಹೊಸದು ಕೊಟ್ಟಿದ್ದಾರೆ. ಅದನ್ನು ನಾವು ಆಮೇಲೆ ಫೋನಿನಲ್ಲಿ ನೋಡಿದೆವು. ನೆಟ್‌ವರ್ಕ್ ಸಿಗದೆ ನಡುನಡುವೆ ನಿಂತು ನಿಂತು ಹೊಡೆಯಿತು.

ಹೊರಗೆ ಜಗಲಿಯ ಮೇಲೆ ಉಪ್ಪಿಟ್ಟು, ಚಹಾ. ಅಲ್ಲೇ ನಿಜವಾದ ಚರ್ಚೆ ಶುರುವಾದದ್ದು. ಮಿಲಿಟರಿಯಲ್ಲಿದ್ದು ಬಂದ ಒಬ್ಬರು ನೇರವಾಗಿ ಕೇಳಿದರು. "ಬಾಜೂದವನ ಕೈಯಾಗ ಐತಿ. ನಾವು ಬಿಟ್ರ ಅವ ಬಿಡ್ತಾನೇನು? ನಾವು ಮೊದಲು ಹಾಕೂದಿಲ್ಲ ಅಂತ ಹೇಳೀವಿ. ಅದಕ್ಕಿಂತ ಹೆಚ್ಚು ಏನ್ ಬೇಕು?" ಒಳ್ಳೆ ಪ್ರಶ್ನೆ. 2003ರಲ್ಲಿ ನಮ್ಮ ಸರ್ಕಾರ ಅದನ್ನು ಬರೆದೇ ಹೇಳಿದೆ. ಮೇಷ್ಟ್ರು ಜಾಣತನದ ಉತ್ತರ ಕೊಡಲಿಲ್ಲ. ಚರ್ಚು ಕೂಡ ಬಹಳ ಕಾಲ ನಿಮ್ಮ ಹಾಗೇ ಮಾತಾಡುತ್ತಿತ್ತು ಅಂದರು. 1982ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ವಿಶ್ವಸಂಸ್ಥೆಗೆ ಕಳಿಸಿದ ಸಂದೇಶದಲ್ಲಿ, ಎದುರಾಳಿಯನ್ನು ಹೆದರಿಸಿ ತಡೆಯೋದಕ್ಕೆ ಅಣ್ವಸ್ತ್ರ ಇಟ್ಟುಕೊಳ್ಳೋದನ್ನು ಸದ್ಯಕ್ಕೆ ಒಪ್ಪಬಹುದು, ಆದರೆ ನಿಶ್ಶಸ್ತ್ರೀಕರಣದ ಕಡೆಗಿನ ಹೆಜ್ಜೆಯಾಗಿ ಮಾತ್ರ ಅಂತ ಹೇಳಿದ್ದರು. ಮರುವರ್ಷವೇ ವ್ಯಾಂಕೂವರಿನಲ್ಲಿ ಸೇರಿದ ವಿಶ್ವ ಚರ್ಚುಗಳ ಮಂಡಳಿ, ಅಂದರೆ ಮೇಷ್ಟ್ರ ಸಿಎಸ್ಐ ಕೂಡ ಸೇರಿರುವ ಮಂಡಳಿ, ಹಾಕೋದು ಅಷ್ಟೇ ಅಲ್ಲ, ಮಾಡೋದು, ತಂದು ನಿಲ್ಲಿಸೋದು ಕೂಡ ಮನುಷ್ಯ ಕುಲದ ವಿರುದ್ಧದ ಅಪರಾಧ ಅಂತ ಹೇಳಿತು. ಕ್ಯಾಥೊಲಿಕರು ಅಲ್ಲಿಗೆ ಬರೋಕೆ ಇನ್ನೂ 30 ವರ್ಷದ ಮೇಲಾಯಿತು. ಹೆಜ್ಜೆ ಅಂತ ಹೇಳಿದ್ದು ಹೆಜ್ಜೆಯಾಗಲಿಲ್ಲ, ಅಲ್ಲೇ ಮನೆ ಕಟ್ಟಿಕೊಂಡರು. ಹಾಗಾಗಿ 2017ರಲ್ಲಿ, ಮತ್ತೆ 2019ರ ನವೆಂಬರಿನಲ್ಲಿ ಹಿರೋಶಿಮಾದಲ್ಲೇ ನಿಂತು, ಫ್ರಾನ್ಸಿಸ್ ಪೋಪರು ಇಟ್ಟುಕೊಳ್ಳೋದೇ ಅನೈತಿಕ ಅಂದರು. ಅಣ್ವಸ್ತ್ರ ನಿಷೇಧದ ಒಪ್ಪಂದಕ್ಕೆ 2017ರ ಸೆಪ್ಟೆಂಬರ್ 20ರಂದು, ಸಹಿಗೆ ತೆರೆದ ಮೊದಲ ದಿನವೇ, ವ್ಯಾಟಿಕನ್ ಸಹಿ ಮಾಡಿತು. ಬಾಂಬು ಇರುವ 9 ದೇಶಗಳಲ್ಲಿ ಒಂದೂ ಸಹಿ ಮಾಡಿಲ್ಲ, ನಾವೂ ಇಲ್ಲ.

"ಹಂಗಾದ್ರ ಬಾಂಬ್ ಇಲ್ಲದವರು ಸಹಿ ಮಾಡ್ಯಾರ" ಅಂದರು ಮಿಲಿಟರಿಯವರು. ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ನನಗೂ ಇದರಲ್ಲಿ ಕೊಂಚ ಸತ್ಯ ಇದೆ ಅನ್ನಿಸಿತು. ಒಬ್ಬರೇ ಬಿಟ್ಟುಬಿಡಿ ಅಂತ ಚರ್ಚು ಹೇಳುತ್ತಿಲ್ಲ, ಎಲ್ಲರೂ ಒಟ್ಟಿಗೆ, ಪರಸ್ಪರ ತಪಾಸಣೆ ಇಟ್ಟುಕೊಂಡು ಅಂತಲೇ 1963ರಿಂದಲೂ ಹೇಳುತ್ತಿದೆ. ಆದರೆ ಮೊದಲು ಯಾರು ಅನ್ನುವ ಕಡೆ ಬಂದಾಗ ಆ ಕಾಗದಗಳೂ ತೊದಲುತ್ತವೆ.

ಅಷ್ಟು ಹೊತ್ತು ಲೋಟ ತೊಳೆಯುತ್ತಿದ್ದ ಒಬ್ಬ ಹೆಂಗಸು ತಿರುಗಿ ಕೇಳಿದರು. "ಪೋಪು ಇದನ್ನ 1963ರಾಗ ಹೇಳ್ಯಾರ ಅಂತೀರಿ. ನಾ ಹುಟ್ಟಿದ ವರ್ಷ ಅದು. ಪ್ರತಿ ಐತವಾರ ಗುಡಿಗೆ ಬರ್ತೀನಿ. ಕುಡೀಬ್ಯಾಡ್ರಿ ಅಂತ ಹೇಳ್ಯಾರ, ಜಗಳ ಮಾಡಬ್ಯಾಡ್ರಿ ಅಂತ ಹೇಳ್ಯಾರ. ಇದನ್ನ ಒಬ್ರೂ ಯಾಕ ಹೇಳಲಿಲ್ಲ?" ಗುರುಗಳು ಚಹಾ ಲೋಟ ಕೆಳಗಿಟ್ಟು, "ಹೇಳಬೇಕಿತ್ತು" ಅಂದರು. ನಾವು ಹೊತ್ತು ತಂದ ಎಲ್ಲಾ ಜೆರಾಕ್ಸಿಗಿಂತ ಈ ಪ್ರಶ್ನೆ ದೊಡ್ಡದು ಅಂತ ನನ್ನ ಅಭಿಪ್ರಾಯ. ಬೇರೆ ದೇಶದ ಅಧ್ಯಕ್ಷರಿಗೆ ಹೇಳೋದು ಸುಲಭ. 1998ರ ಮೇನಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆದಾಗ ನಾವೆಲ್ಲ ಪೇಡೆ ಹಂಚಿದವರೇ. ಅಂಥ ಊರಿನಲ್ಲಿ, ಎಣಿಕೆಯಲ್ಲಿ ಕಡಿಮೆ ಇರುವ ಜನ, ಭಾನುವಾರ ಎದ್ದು ನಿಂತು ನಮ್ಮದೂ ತಪ್ಪು ಅಂತ ಹೇಳೋದು ಎಷ್ಟು ಕಷ್ಟ ಅಂತ ಗುರುಗಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮುದಗಲ್ ಕೋಟೆಯ ಕಂದಕದಲ್ಲಿ ಮಳೆ ನೀರು ತುಂಬಿ ಹುಡುಗರು ಈಜುತ್ತಿದ್ದರು. ಫತೇ ದರ್ವಾಜದ ಹತ್ತಿರ ಒಂದು ಸುತ್ತು ಹಾಕಿ ತಾವರಗೇರಾ, ಕುಷ್ಟಗಿ ಮೇಲೆ ಕೊಪ್ಪಳಕ್ಕೆ ಹೊರಟೆವು. ಸಂಜೆ ಗವಿಮಠದ ಬೆಟ್ಟ ಹತ್ತಿದೆವು, ಅಲ್ಲೂ ಅಶೋಕನ ಶಾಸನ ಇದೆ. ಬಂಡೆ ಒದ್ದೆಯಿದ್ದರೆ ಜಾರುತ್ತದೆ, ಹುಷಾರು. ಹೊಸ ಸ್ಯಾಂಡಲ್ ಕೆಲಸಕ್ಕೆ ಬಂತು. ಇಳಿದು ಬಂದು ಮಠದಲ್ಲಿ ದಾಸೋಹದ ಊಟ ಮಾಡಿದೆವು, ಬಿಸಿ ಅನ್ನ ಸಾರು, ಎಲ್ಲಿಂದ ಬಂದ್ರಿ, ಯಾವ ಜಾತಿ ಅಂತ ಯಾರೂ ಕೇಳಲಿಲ್ಲ.

ಭಾನುವಾರ: ಮುನಿರಾಬಾದ್, ವಾಪಸ್

ಹೋದ ವರ್ಷ ಇದೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಗಿತ್ತು. ಮುನಿರಾಬಾದಿನ ಚಹಾ ಅಂಗಡಿಯಲ್ಲಿ ಅದೇ ಮಾತು. "33 ಗೇಟು ಅದಾವ್ರೀ. ಒಂದರ ಚೈನ್ ಕಡೀತು, ಅಷ್ಟ. 70 ವರ್ಷ ಏನೂ ಆಗಿರ್ಲಿಲ್ಲ" ಅಂದ ಅಂಗಡಿಯವನು. ಮೇಷ್ಟ್ರಿಗೆ ಅಷ್ಟು ಸಾಕಾಯಿತು. 2022ರ ಮಾರ್ಚ್ 9ರಂದು ನಮ್ಮ ಒಂದು ಬ್ರಹ್ಮೋಸ್ ಕ್ಷಿಪಣಿ ಕೈತಪ್ಪಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಹತ್ತಿರ ಬಿತ್ತಲ್ಲ, ನೆನಪಿದೆಯಾ ಅಂದರು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ, ಆ ಕಡೆಯವರೂ ತಾಳ್ಮೆಯಿಂದ ಇದ್ದರು. 1983ರ ಸೆಪ್ಟೆಂಬರಿನಲ್ಲಿ ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಎದುರಿನ ಪರದೆಯ ಮೇಲೆ ಅಮೆರಿಕದ ಕ್ಷಿಪಣಿಗಳು ಬರ್ತಿವೆ ಅಂತ ಬಂದಾಗ, ಇದು ಯಂತ್ರದ ತಪ್ಪು ಅಂತ ಆತ ನಂಬಿದ್ದರಿಂದ ಎಲ್ಲರೂ ಉಳಿದರು. ಅಂಗಡಿಯವನು ಕೇಳಿಸಿಕೊಂಡು, "ಅಂವಾ ಅವತ್ತು ರಜಾ ಹಾಕಿದ್ರ?" ಅಂದ.

ಇನ್ನೊಬ್ಬ ಗಿರಾಕಿ ಮಾತನ್ನು ಬೇರೆ ಕಡೆ ತಿರುಗಿಸಿದ. ಕೊಪ್ಪಳ ತಾಲ್ಲೂಕಿನ ಅರಸಿನಕೇರಿ ಸುತ್ತ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆ ಅಂತ ಸುದ್ದಿ ಬಂದಾಗ ಇಲ್ಲಿ ವಿರೋಧ ಎದ್ದಿತ್ತು. ಕಾರ್ಖಾನೆ ಧೂಳಿನಲ್ಲೇ ಸಾಕಾಗಿದೆ, ಇದೂ ಬೇಕಾ ಅನ್ನೋದು ಅವರ ಸಿಟ್ಟು. "ಕರೆಂಟಿಗೂ ಬಾಂಬಿಗೂ ಸಂಬಂಧ ಐತೇನ್ರೀ?" ಅಂತ ಅವನ ಪ್ರಶ್ನೆ. ಮೇಷ್ಟ್ರು ಮೇಷ್ಟ್ರಾಗಿ ವಿವರಿಸಿದರು. 1974ರ ಪೋಖ್ರಾನ್ ಸ್ಫೋಟಕ್ಕೆ ಪ್ಲುಟೋನಿಯಂ ಬಂದದ್ದು ಟ್ರಾಂಬೆಯ ಸೈರಸ್ ರಿಯಾಕ್ಟರಿನಿಂದ. ಶಾಂತಿಯ ಕೆಲಸಕ್ಕೆ ಅಂತ ಕೆನಡಾ ಕೊಟ್ಟ ಸಂಶೋಧನಾ ರಿಯಾಕ್ಟರ್ ಅದು. ಆದರೆ ಕರೆಂಟಿನ ಎಲ್ಲಾ ಸ್ಥಾವರವೂ ಬಾಂಬಿನ ಅಂಗಡಿ ಅಲ್ಲ, ಎರಡನ್ನೂ ಒಂದೇ ಗಂಟಿಗೆ ಕಟ್ಟಬಾರದು ಅಂತಲೂ ಹೇಳಿದರು. ನಾನು ಒಪ್ಪಲಿಲ್ಲ. ಬೇರೆ ಬೇರೆ ಗಂಟು ಸರಿ, ಆದರೆ ಎರಡಕ್ಕೂ ಊರಿನವರನ್ನು ಕೇಳದೆ ನಿರ್ಧಾರ ಮಾಡೋ ಅಭ್ಯಾಸ ಒಂದೇ ಅಲ್ವಾ ಅಂದೆ. ಗಿರಾಕಿ ನನ್ನ ಕಡೆ, ಅಂಗಡಿಯವನು ಮೇಷ್ಟ್ರ ಕಡೆ. ಚಹಾ ಎರಡು ಸಲ ಆಯಿತು.

ವಾಪಸ್ ಹೊರಟಾಗ ಮೇಷ್ಟ್ರು ತಮ್ಮ ಸಭೆಯ ಮಾಸಪತ್ರಿಕೆಗೆ ಅರ್ಧ ಪುಟ ಬರೀತೀನಿ ಅಂದರು. ಪೋಪರಿಂದ ಶುರು ಮಾಡಿ ವ್ಯಾಂಕೂವರಿಗೆ ಬಂದು ಕೊನೆಗೆ ಮುದಗಲ್ ಅಂತ ಅವರ ಯೋಜನೆ. ಲೋಟ ತೊಳೆಯುತ್ತಿದ್ದ ಹೆಂಗಸಿನ ಪ್ರಶ್ನೆಯಿಂದಲೇ ಶುರು ಮಾಡಿ, ಉಳಿದದ್ದು ಜಾಗ ಇದ್ದರೆ ಹಾಕಿ ಅಂದೆ. ಹಾಗೆ ಬರೆದರೆ ಗುರುಗಳ ಮೇಲೆ ದೂರು ಹೇಳಿದ ಹಾಗಾಗುತ್ತದೆ ಅಂದರು. ಆಗಲಿ ಬಿಡಿ ಅಂದೆ. ಹಿರಿಯೂರು ದಾಟುವವರೆಗೂ ಇದೇ ಜಗಳ.